ಮುಖ್ಯರಸ್ತೆಯ ಮೇಲೆ ಅಂಗಡಿ, ಅಂಗಡಿಯ ಮೇಲೆ ಮನೆ: ನಿದ್ದೆಗೆ ಜಾಗ ಎಲ್ಲಿ?

ಪ್ರಶ್ನೆ: ಶಿವಮೊಗ್ಗದ ಸವಳಂಗ ರಸ್ತೆಗೆ ಹೊಂದಿಕೊಂಡು ನಮ್ಮ ತಂದೆಯವರು ಸಾಮಿಲ್ ನಡೆಸುತ್ತಿದ್ದ ಜಾಗವಿದೆ. ರಸ್ತೆಯ ಕಡೆ 100 ಅಡಿ ಅಗಲ, ಒಳಕ್ಕೆ 180 ಅಡಿ ಉದ್ದ, ರಸ್ತೆ ಪಶ್ಚಿಮಕ್ಕಿದೆ. ನೆಲಮಹಡಿಯಲ್ಲಿ ಅಂಗಡಿಗಳು, ಅದರ ಮೇಲೆ ನಾಲ್ಕು ಮಹಡಿ ಮನೆಗಳನ್ನು ಕಟ್ಟಿ, ಒಂದರಲ್ಲಿ ನಾವು ಇದ್ದುಕೊಂಡು ಉಳಿದವನ್ನು ಮಾರುವ ಯೋಚನೆಯಿದೆ. ಆದರೆ ಎದುರಿಗೇ ಬಸ್ಸುಗಳು ನಿಲ್ಲುತ್ತವೆ, ಎರಡು ನಿವೇಶನ ದಾಟಿದರೆ ಕಲ್ಯಾಣ ಮಂಟಪವಿದೆ, ರಾತ್ರಿ ರೈಲಿನ ಹಾರನ್ ಬೇರೆ. ನಮ್ಮ ತಾಯಿಗೆ 74 ವರ್ಷ. ಅವರಿಗೆ ಈಗಲೇ ನಿದ್ದೆ ಕಡಿಮೆ. ಗುತ್ತಿಗೆದಾರರು ‘ಡಬಲ್ ಗ್ಲಾಸ್ ಕಿಟಕಿ ಹಾಕಿಸಿದರೆ ಸಾಕು’ ಎನ್ನುತ್ತಾರೆ. ನಮ್ಮ ಭಾವನವರು ‘ಮೂರನೆಯ ಮಹಡಿ ದಾಟಿದರೆ ಸದ್ದೇ ಬರುವುದಿಲ್ಲ, ಕಾಂಪೌಂಡಿಗೆ ಒಂದು ಸಾಲು ಅಶೋಕ ಮರ ಹಾಕಿಸಿ’ ಎನ್ನುತ್ತಾರೆ. ಗುತ್ತಿಗೆದಾರರು ಬರೆಸಿಕೊಟ್ಟ ನಕ್ಷೆಯಲ್ಲಿ ಕಟ್ಟಡ ರಸ್ತೆಯ ಕಡೆಗೆ ಬಾಯಿ ತೆರೆದುಕೊಂಡ ‘ಪ’ಕಾರದಲ್ಲಿದ್ದು, ನಡುವೆ ಕೈತೋಟವಿದೆ. ನೆಲಮಹಡಿಯ ದೊಡ್ಡ ಭಾಗವನ್ನು ಒಬ್ಬ ಹೋಟೆಲಿನವರು ಒಳ್ಳೆಯ ಬಾಡಿಗೆಗೆ ಕೇಳುತ್ತಿದ್ದಾರೆ. ಇಂಥ ಕಡೆ ಮನೆ ಕಟ್ಟುವುದೇ ತಪ್ಪಾಗುತ್ತದೆಯೇ? ಕಟ್ಟುವುದಾದರೆ ಹೇಗೆ ಕಟ್ಟಬೇಕು?

ಉತ್ತರ: ನಿಮ್ಮ ಚಿಂತೆಯೆಲ್ಲ ರಸ್ತೆಯ ಮೇಲಿದೆ, ನನ್ನ ಕಣ್ಣು ಮಾತ್ರ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋದ ಹೋಟೆಲಿನ ಮೇಲೆ ನಿಂತಿತು. ಹೊರಗಿನಿಂದ ಬರುವ ಸದ್ದನ್ನು ನಕ್ಷೆಯ ಹಂತದಲ್ಲಿ ಬಹುಮಟ್ಟಿಗೆ ದೂರವಿಡಬಹುದು. ಕಟ್ಟಡದ ಒಳಗೇ ಹುಟ್ಟುವ ಸದ್ದಿನ ಸ್ವಭಾವ ಬೇರೆ; ಕಟ್ಟಿ ಮುಗಿಸಿದ ಮೇಲೆ ಅದಕ್ಕೆ ಮದ್ದು ಹುಡುಕುವುದು ದುಬಾರಿ, ಕೆಲವೊಮ್ಮೆ ಅಸಾಧ್ಯ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೇಳುವುದಾದರೆ, ಅಲ್ಲಿ ಮನೆ ಕಟ್ಟುವುದು ತಪ್ಪಲ್ಲ, ಏಕೆಂದರೆ ನಿಮ್ಮ ನಿವೇಶನಕ್ಕೆ ಉದ್ದವಿದೆ. ಅದೇ 60 ಅಡಿ ಉದ್ದದ ಜಾಗವಾಗಿದ್ದರೆ ಮನೆಗಳನ್ನು ಬಿಟ್ಟು ಬರೀ ಅಂಗಡಿ, ಕಚೇರಿ ಕಟ್ಟಿ ಎಂದೇ ಹೇಳುತ್ತಿದ್ದೆ. ಆದರೆ ಈಗಿರುವ ನಕ್ಷೆಯನ್ನು ಹಾಗೆಯೇ ಇಟ್ಟುಕೊಂಡು ಕಿಟಕಿಯಿಂದ ಎಲ್ಲವೂ ಸರಿಹೋದೀತು ಎಂದುಕೊಂಡರೆ ನಿಮ್ಮ ತಾಯಿಯವರಿಗೆ ನಿದ್ದೆ ಬರುವುದಿಲ್ಲ.

ಮೊದಲು ಅಳತೆಯ ವಿಷಯ. ಸದ್ದನ್ನು ಅಳೆಯುವ ಡೆಸಿಬೆಲ್ ಲೆಕ್ಕ ಅಡಿ, ಇಂಚಿನ ಲೆಕ್ಕದಂತೆ ನಡೆಯುವುದಿಲ್ಲ. ಒಂದೇ ಬಗೆಯ ಎರಡು ಬಸ್ಸುಗಳು ಪಕ್ಕಪಕ್ಕದಲ್ಲಿ ನಿಂತು ಗುರುಗುಟ್ಟಿದರೆ ಒಂದು ಬಸ್ಸಿನ ಸದ್ದಿಗಿಂತ 3 ಡೆಸಿಬೆಲ್ ಮಾತ್ರ ಏರುತ್ತದೆ. ಸದ್ದು ಅರ್ಧಕ್ಕೆ ಇಳಿಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಕಡಿಮೆಯಾಗಬೇಕು. ವಾಹನ ಸಂಚಾರ ದಟ್ಟವಾಗಿರುವ ರಸ್ತೆಯ ಅಂಚಿನಲ್ಲಿ ಹಗಲು 70 ಡೆಸಿಬೆಲ್ ದಾಟುವುದು ಸಾಮಾನ್ಯ. ಮಲಗುವ ಕೋಣೆಯಲ್ಲಿ ರಾತ್ರಿಯ ಸದ್ದು ಸರಾಸರಿ 30 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಸಲಹೆ. ತೆರೆದಿಟ್ಟ ಕಿಟಕಿಯಿಂದ ಹೊರಗಿನ ಸದ್ದು 10ರಿಂದ 15 ಡೆಸಿಬೆಲ್ ತಗ್ಗುತ್ತದೆ, ಮುಚ್ಚಿದ ಸಾಮಾನ್ಯ ಜಾರು ಕಿಟಕಿಯಿಂದ 20ರಿಂದ 25. ಉಳಿದ ಅಂತರವನ್ನು ಒಂದೇ ಉಪಾಯದಿಂದ ತುಂಬಲಾಗದು. ಇಲ್ಲಿ ಐದು, ಅಲ್ಲಿ ಹತ್ತು ಎಂದು ನಾಲ್ಕಾರು ಕಡೆಯಿಂದ ಕೂಡಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ಭಾವನವರ ಮಾತನ್ನು ಶಿವಮೊಗ್ಗದಲ್ಲಿ ಬಹಳ ಜನ ಹೇಳುತ್ತಾರೆ, ಮಹಡಿ ಏರಿದಂತೆ ಮನೆಯ ಬೆಲೆಯೂ ಅದೇ ನಂಬಿಕೆಯ ಮೇಲೆ ಏರುತ್ತದೆ. ಲೆಕ್ಕ ಹಾಕಿ ನೋಡಿ. ವಾಹನಗಳು ಸಾಲಾಗಿ ಓಡುವ ರಸ್ತೆಯಿಂದ ದೂರ ಎರಡರಷ್ಟಾದಾಗ ಸದ್ದು ಇಳಿಯುವುದು ಸುಮಾರು 3 ಡೆಸಿಬೆಲ್. ರಸ್ತೆಯ ನಡುಭಾಗದಿಂದ ಗೋಡೆ 15 ಮೀಟರ್ ದೂರದಲ್ಲಿದ್ದರೆ, 15 ಮೀಟರ್ ಎತ್ತರದ ಕಿಟಕಿಗೆ ಇರುವ ಓರೆ ದೂರ ಸುಮಾರು 21 ಮೀಟರ್. ಅಷ್ಟು ಎತ್ತರ ಏರಿ ಗಳಿಸಿದ್ದು ಒಂದೂವರೆ ಡೆಸಿಬೆಲ್, ಅಂದರೆ ಕಿವಿಗೆ ತಿಳಿಯದಷ್ಟು. ಮೇಲಾಗಿ ಕೆಳಗಿನ ಮನೆಗೆ ಕಾಂಪೌಂಡು, ಎದುರಿನ ಗೂಡಂಗಡಿ, ನಿಂತ ವಾಹನಗಳಾದರೂ ಒಂದಿಷ್ಟು ಮರೆ ಕೊಡುತ್ತವೆ. ಮೇಲಿನ ಮನೆಗೆ ಇಡೀ ರಸ್ತೆ, ದೂರದ ರೈಲು ಹಳಿ, ಮಂಟಪದ ಧ್ವನಿವರ್ಧಕ ಎಲ್ಲವೂ ನೇರವಾಗಿ ತೆರೆದುಕೊಳ್ಳುತ್ತವೆ. ಐದನೆಯ ಮಹಡಿಯವರು ರೈಲಿನ ಹಾರನ್ನಿನ ಬಗ್ಗೆ ಎರಡನೆಯ ಮಹಡಿಯವರಿಗಿಂತ ಹೆಚ್ಚು ದೂರುವುದನ್ನು ನಾನು ಕೇಳಿದ್ದೇನೆ.

ಒಂದು ಸಾಲು ಅಶೋಕ ಮರದಿಂದ ಸದ್ದು ತಗ್ಗುವುದಿಲ್ಲ. ಸದ್ದನ್ನು ತಡೆಯಲು ತೂಕ ಬೇಕು, ಸಂದಿಯಿಲ್ಲದ ಮೈ ಬೇಕು. ಎಲೆಗಳ ನಡುವೆ ಎರಡೂ ಇಲ್ಲ. ಮರ ಧೂಳು ಹಿಡಿಯುತ್ತದೆ, ವಾಹನಗಳನ್ನು ಕಣ್ಣಿಗೆ ಮರೆಮಾಡುತ್ತದೆ, ಕಾಣದ ಸದ್ದು ಮನಸ್ಸಿಗೆ ಸ್ವಲ್ಪ ಕಡಿಮೆ ಕಾಡುತ್ತದೆ. ಅಷ್ಟಕ್ಕಾಗಿ ನೆಡಿ, ಖಂಡಿತ ನೆಡಿ; ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

ಇನ್ನು ಡಬಲ್ ಗ್ಲಾಸ್. ಗುತ್ತಿಗೆದಾರರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಮಾರುಕಟ್ಟೆಯಲ್ಲಿ ಸಿಗುವ, 6 ಮಿಲಿಮೀಟರಿನ ಎರಡು ಗಾಜುಗಳ ನಡುವೆ 12 ಮಿಲಿಮೀಟರ್ ಗಾಳಿ ಬಿಟ್ಟ ಕಿಟಕಿ ಮುಖ್ಯವಾಗಿ ಶಾಖ ತಡೆಯಲು ಹುಟ್ಟಿದ್ದು. ಎರಡೂ ಗಾಜು ಒಂದೇ ದಪ್ಪವಾಗಿದ್ದರೆ ಎರಡೂ ಒಂದೇ ಶ್ರುತಿಗೆ ಕಂಪಿಸುತ್ತವೆ, ನಡುವಿನ ಕಿರಿದಾದ ಗಾಳಿಯ ಪದರ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ, ಹಾಗಾಗಿ ನಿಂತ ಬಸ್ಸಿನ ಎಂಜಿನ್ನಿನ ತಗ್ಗು ಗುಂಯ್‌ಗಾಟ ಹೆಚ್ಚು ಅಡ್ಡಿಯಿಲ್ಲದೆ ಒಳಗೆ ಬರುತ್ತದೆ. ಸದ್ದಿಗಾಗಿಯೇ ಹಣ ಹಾಕುವುದಾದರೆ ಬೇರೆ ಬೇರೆ ದಪ್ಪದ ಗಾಜು, ಅದರಲ್ಲೊಂದು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ) ಗಾಜು, ನಡುವೆ ಸಾಧ್ಯವಾದರೆ 100 ಮಿಲಿಮೀಟರ್ ಅಂತರ ಇರಬೇಕು. ಇದಕ್ಕಿಂತಲೂ ಮುಖ್ಯವಾದದ್ದು ಚೌಕಟ್ಟು. ಜಾರು ಕಿಟಕಿಯ ಅಂಚಿನಲ್ಲಿರುವ ಬ್ರಷ್ ಪಟ್ಟಿಯ ಸಂದಿಯಿಂದ ಗಾಳಿ ನುಸುಳುತ್ತದೆ, ಗಾಳಿ ನುಸುಳುವಲ್ಲಿ ಸದ್ದೂ ನುಸುಳುತ್ತದೆ. ಗೋಡೆಯ ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ಸಂದಿಯಿದ್ದರೂ, ಉಳಿದ ಗೋಡೆ ಎಷ್ಟೇ ದಪ್ಪವಿರಲಿ, ಒಟ್ಟು ತಡೆ 20 ಡೆಸಿಬೆಲ್ ಮೀರದು. ನಮ್ಮ ಹಳೆಯ ಮನೆಗಳ ಕೀಲು ಬಾಗಿಲಿನ ಕಿಟಕಿಯಂತೆ, ರಬ್ಬರ್ ಪಟ್ಟಿಯ ಮೇಲೆ ಒತ್ತಿ ಕೂರುವ ಕಿಟಕಿ ಸಾಧಾರಣ ಗಾಜಿನಲ್ಲೂ ದುಬಾರಿ ಜಾರು ಕಿಟಕಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಮಲೆನಾಡಿನಲ್ಲಿ ಕಿಟಕಿ ಭದ್ರವಾದಷ್ಟೂ ಇನ್ನೊಂದು ಶತ್ರು ಒಳಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುವಾಗ, ಸಂದಿಯಿಲ್ಲದ ಕೋಣೆಯಲ್ಲಿ ಒಣಗಲು ಹಾಕಿದ ಬಟ್ಟೆ, ಸ್ನಾನದ ಹಬೆ, ನಮ್ಮ ಉಸಿರು ಎಲ್ಲ ಸೇರಿ ಬೀರುವಿನ ಹಿಂದೆ, ಚರ್ಮದ ಚೀಲದ ಮೇಲೆ, ಮೂಲೆಯ ಗೋಡೆಯ ಮೇಲೆ ಬೂಷ್ಟು ಹಿಡಿಸುತ್ತವೆ. ಮನೆಯಲ್ಲಿ ಉಬ್ಬಸದವರಿದ್ದರೆ ರಸ್ತೆಯ ಸದ್ದಿಗಿಂತ ಇದೇ ಕೆಟ್ಟದ್ದು. ಮುಚ್ಚಿದ ಕಿಟಕಿ, ದಿನವಿಡೀ ಏಸಿ ಎಂಬ ದೊಡ್ಡ ನಗರಗಳ ಪರಿಹಾರ ನಮ್ಮಲ್ಲಿ ವಿದ್ಯುತ್ತಿನ ಬಿಲ್ಲಿಗೂ ಹೊಂದುವುದಿಲ್ಲ, ಹವೆಗೂ ಹೊಂದುವುದಿಲ್ಲ. ಆದ್ದರಿಂದ ಕಿಟಕಿ ತೆರೆದಿಟ್ಟೇ ಮಲಗಬಹುದಾದ ಒಂದು ದಿಕ್ಕು ಪ್ರತಿಯೊಂದು ಮನೆಗೂ ಇರಬೇಕು ಎಂಬುದನ್ನು ನಾನು ನಕ್ಷೆಯ ಮೊದಲ ನಿಯಮವಾಗಿ ಇಟ್ಟುಕೊಂಡಿದ್ದೇನೆ.

ನಿಮ್ಮ ಜಾಗದಲ್ಲಿ ಆ ದಿಕ್ಕು ಪೂರ್ವ. ರಸ್ತೆಯ ಸದ್ದು, ನೈಋತ್ಯ ಮುಂಗಾರಿನ ಇರಚಲು, ಸಂಜೆಯ ಬಿಸಿಲು ಮೂರೂ ನಿಮಗೆ ಪಶ್ಚಿಮದ ಕಡೆಯಿಂದಲೇ ಬರುತ್ತವೆ. ಇದು ನಿಮ್ಮ ಅದೃಷ್ಟ. ರಸ್ತೆ ಪೂರ್ವಕ್ಕಿದ್ದಿದ್ದರೆ ಕಟ್ಟಡ ಎರಡೂ ಕಡೆಗೆ ಬೆನ್ನು ತಿರುಗಿಸಬೇಕಾಗುತ್ತಿತ್ತು. ಈಗಿನ ನಕ್ಷೆಯ ‘ಪ’ಕಾರ ರಸ್ತೆಗೆ ಬಾಯಿ ತೆರೆದಿರುವುದರಿಂದ ಸದ್ದು ಒಳಗೆ ನುಗ್ಗಿ, ಎದುರುಬದುರಿನ ಎರಡು ಗೋಡೆಗಳ ನಡುವೆ ಬಡಿದಾಡಿ, ಹಿಂದಿನ ಮನೆಗಳಿಗೂ ಮುಟ್ಟುತ್ತದೆ. ಕೈತೋಟ ಚಂದ ಕಾಣುತ್ತದೆ, ಅಲ್ಲಿ ಕುಳಿತು ಮಾತಾಡಲಾಗುವುದಿಲ್ಲ. ಅದೇ ‘ಪ’ವನ್ನು ಹಿಂದುಮುಂದು ಮಾಡಿ, ಬೆನ್ನು ರಸ್ತೆಗೆ, ಬಾಯಿ ಪೂರ್ವಕ್ಕೆ ಬರುವಂತೆ ತಿರುಗಿಸಿ. ನಮ್ಮ ತೊಟ್ಟಿ ಮನೆಗಳು ಇದನ್ನೇ ಮಾಡುತ್ತಿದ್ದವು: ಹೊರಗಿನ ಗೋಡೆಗೆ ಕಿಟಕಿ ಕಡಿಮೆ, ಬದುಕೆಲ್ಲ ಒಳಗಿನ ಅಂಗಳದ ಸುತ್ತ. ರಸ್ತೆಗೆ ಪೂರ್ತಿ ಬೆನ್ನು ಹಾಕಿದ ಗೋಡೆಯ ಮೇಲೆ, ಎದುರಿನ ಗೋಡೆಗಿಂತ ಹತ್ತರಿಂದ ಇಪ್ಪತ್ತು ಡೆಸಿಬೆಲ್ ಕಡಿಮೆ ಸದ್ದು ಇರುತ್ತದೆ. ಯಾವ ಗಾಜೂ ಇಷ್ಟನ್ನು ಖರ್ಚಿಲ್ಲದೆ ಕೊಡಲಾರದು.

ರಸ್ತೆಯ ಬದಿಯ ಆ ಬೆನ್ನಿನಲ್ಲಿ ಏನಿರಬೇಕು? ಮೆಟ್ಟಿಲು, ಲಿಫ್ಟು, ಮನೆಗಳಿಗೆ ಹೋಗುವ ಪಡಸಾಲೆ, ಅದರ ಒಳಬದಿಗೆ ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಜಾಗ. ಪಡಸಾಲೆಯ ಒಂದೇ ಬದಿಗೆ ಮನೆಗಳನ್ನು ಇಟ್ಟರೆ ಪಡಸಾಲೆಯೇ ಸದ್ದಿಗೆ ಅಡ್ಡಗೋಡೆಯಾಗುತ್ತದೆ, ಇರಚಲಿಗೂ ಅಷ್ಟೇ. ಎರಡೂ ರೆಕ್ಕೆಗಳ ಮನೆಗಳಲ್ಲಿ ಮಲಗುವ ಕೋಣೆ ಅಂಗಳದ ಕಡೆಗಿರಲಿ. ಇದಕ್ಕೆ ಬೆಲೆ ತೆರಬೇಕಾಗುತ್ತದೆ: ಮಾರಲು ಸಿಗುವ ಚದರಡಿ ಕಡಿಮೆಯಾಗುತ್ತದೆ, ‘ರಸ್ತೆ ಕಾಣುವ ಬಾಲ್ಕನಿ’ ಬೇಕೆನ್ನುವ ಗ್ರಾಹಕರು ಬೇರೆ ಕಡೆ ಹೋಗುತ್ತಾರೆ, ಗುತ್ತಿಗೆದಾರರು ಗೊಣಗುತ್ತಾರೆ. ರಸ್ತೆಯ ಬದಿಯ ಬಾಲ್ಕನಿಯನ್ನು ಆರು ತಿಂಗಳಲ್ಲಿ ಗಾಜಿನಿಂದ ಮುಚ್ಚಿ ಹಳೆಯ ಸಾಮಾನು ತುಂಬಿಟ್ಟ ಎಷ್ಟು ಮನೆಗಳನ್ನು ನೋಡಿದ್ದೇನೆಂದರೆ, ಆ ಗ್ರಾಹಕರ ಬಗ್ಗೆ ನನಗೆ ಹೆಚ್ಚು ಬೇಸರವಿಲ್ಲ.

ಅಂಗಡಿಗಳನ್ನು ಮುಂದಕ್ಕೆ ತಂದು, ಅವುಗಳ ತಾರಸಿಯ ಮೇಲೆ ಮನೆಗಳ ಗೋಡೆಯನ್ನು 25ರಿಂದ 30 ಅಡಿ ಹಿಂದೆ ಸರಿಸುವುದು ಇನ್ನೊಂದು ಉಪಾಯ. ತಾರಸಿಯ ಅಂಚಿಗೆ ಕಂಬಿಯ ಬದಲು ಗಟ್ಟಿ ಪ್ಯಾರಪೆಟ್ ಗೋಡೆ ಕಟ್ಟಿದರೆ, ಕಿಟಕಿಯಿಂದ ರಸ್ತೆ ಕಾಣದಂತಾಗುವ ಕೆಳಗಿನ ಒಂದೆರಡು ಮಹಡಿಗಳಿಗೆ 5ರಿಂದ 10 ಡೆಸಿಬೆಲ್ ಲಾಭ ಸಿಗುತ್ತದೆ. ಇಲ್ಲಿ ಮೇಲಿನ ಮನೆಗಳಿಗಿಂತ ಕೆಳಗಿನ ಮನೆಗಳೇ ಶಾಂತವಾಗಿರುತ್ತವೆ ಎಂಬುದನ್ನು ಭಾವನವರಿಗೂ ತೋರಿಸಬಹುದು. ಒಳ ಅಂಗಳದ ಬಗ್ಗೆ ಒಂದು ಎಚ್ಚರಿಕೆ: ಮಳೆಗೆ ಹೆದರಿ ಅದರ ಮೇಲೆ ತಗಡು ಅಥವಾ ಪಾಲಿಕಾರ್ಬೊನೇಟ್ ಶೀಟು ಹೊದಿಸಬೇಡಿ. ಆಷಾಢದ ಮಳೆ ಅದರ ಮೇಲೆ ಬಾರಿಸುವ ಸದ್ದು ಯಾವ ಬಸ್ಸಿಗೂ ಕಡಿಮೆಯಿಲ್ಲ, ಅದು ಎಲ್ಲ ಮನೆಗಳ ಕಿಟಕಿಗೂ ಒಟ್ಟಿಗೆ ಹಂಚಿಹೋಗುತ್ತದೆ.

ಈಗ ಹೋಟೆಲಿಗೆ ಬರುತ್ತೇನೆ. ಗಾಳಿಯಲ್ಲಿ ಬರುವ ಸದ್ದಿಗೆ ಸ್ಲ್ಯಾಬು, ಗೋಡೆ ಅಡ್ಡ ನಿಲ್ಲುತ್ತವೆ. ಕಂಬ, ತೊಲೆಗಳಿಗೆ ಕಂಪನವಾಗಿ ಇಳಿದ ಸದ್ದಿಗೆ ಅವೇ ದಾರಿಯಾಗುತ್ತವೆ. ರೈಲು ಹಳಿಗೆ ಕಿವಿ ಇಟ್ಟರೆ ಕಾಣದ ರೈಲು ಕೇಳಿಸುವಂತೆ, ಕಾಂಕ್ರೀಟಿನಲ್ಲಿ ಕಂಪನ ಬಹುದೂರ, ಹೆಚ್ಚು ಸವೆಯದೆ ಹೋಗುತ್ತದೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಾನೇ ನಕ್ಷೆ ಬರೆದ ಕಟ್ಟಡವೊಂದರಲ್ಲಿ ಕೆಳಗಿನ ಹೋಟೆಲಿನವರು ದೋಸೆ ಹಿಟ್ಟಿನ ದೊಡ್ಡ ಗ್ರೈಂಡರನ್ನು ಕಂಬಕ್ಕೆ ಒತ್ತಿದ ಕಟ್ಟೆಯ ಮೇಲೆ ಕೂರಿಸಿದ್ದರು. ನಸುಕಿನ ನಾಲ್ಕೂವರೆಗೆ ಅದು ಶುರುವಾದರೆ ಮೂರನೆಯ ಮಹಡಿಯ ಮಲಗುವ ಕೋಣೆಯ ಗೋಡೆ ಗುಂಯ್ಗುಡುತ್ತಿತ್ತು. ಮೊದಲ ಮಹಡಿಯವರಿಗೆ ಅಷ್ಟು ತೊಂದರೆಯೇ ಇರಲಿಲ್ಲ, ಏಕೆಂದರೆ ಆ ಕಂಬ ಅವರ ಮನೆಯಲ್ಲಿ ಬಚ್ಚಲಿನ ಮೂಲೆಗೆ ಬಂದಿತ್ತು. ಮನೆಯವರು ಮೊದಲು ಗೋಡೆಗೆ ಸ್ಪಂಜು ಹಾಳೆ ಅಂಟಿಸಿದರು, ಏನೂ ಆಗಲಿಲ್ಲ. ಮೊಟ್ಟೆಯ ತಟ್ಟೆಯಾಗಲಿ ಸ್ಪಂಜಾಗಲಿ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸಬಲ್ಲವೇ ಹೊರತು ಆಚೆಯಿಂದ ಬರುವ ಸದ್ದನ್ನು ತಡೆಯಲಾರವು. ಕಡೆಗೆ ಕಟ್ಟೆ ಒಡೆದು, ಕಂಬಕ್ಕೆ ತಾಗದ ಹಾಗೆ ನೆಲದ ಮೇಲೆ ಭಾರವಾದ ಬೇರೆ ಪೀಠ ಮಾಡಿ, ಅದರ ಕೆಳಗೆ ರಬ್ಬರ್ ಪ್ಯಾಡು ಇಟ್ಟ ಮೇಲೆ ನಿಂತಿತು. ನಕ್ಷೆ ಬರೆಯುವಾಗ ‘ಅಂಗಡಿ’ ಎಂದಷ್ಟೇ ಬರೆದು, ಯಾವ ಅಂಗಡಿ ಎಂದು ನಾನು ಕೇಳಿರಲಿಲ್ಲ. ಆ ತಪ್ಪು ನನ್ನದೇ.

ಹಾಗಾಗಿ ಕೆಳಗೆ ಯಾರು ಬರುತ್ತಾರೆ ಎಂಬುದನ್ನು ಈಗಲೇ ನಿರ್ಧರಿಸಿ. ಔಷಧಿ ಅಂಗಡಿ, ಬಟ್ಟೆ ಅಂಗಡಿ, ಬ್ಯಾಂಕು ಇವುಗಳಿಂದ ಹೆಚ್ಚು ತೊಂದರೆಯಿಲ್ಲ. ರಾತ್ರಿ ಷಟರ್ ಎಳೆಯುವ ಸದ್ದೊಂದು ಬಿಟ್ಟರೆ. ಹಿಟ್ಟಿನ ಗಿರಣಿ, ಬೇಕರಿ, ಜಿಮ್ ಬೇಡವೇ ಬೇಡ; ಭಾರ ಎತ್ತಿ ನೆಲಕ್ಕೆ ಬಿಡುವ ಜಿಮ್ಮಿನ ಪೆಟ್ಟನ್ನು ತಡೆಯುವುದು ಗ್ರೈಂಡರಿಗಿಂತ ಕಷ್ಟ. ಹೋಟೆಲಿನ ಬಾಡಿಗೆ ಬಿಡಲು ಮನಸ್ಸಿಲ್ಲದಿದ್ದರೆ ಅದರ ಅಡುಗೆಮನೆಯನ್ನು ಮುಖ್ಯ ಕಟ್ಟಡದ ಕಂಬಗಳಿಗೆ ಸೇರದ, ಒಂದೇ ಅಂತಸ್ತಿನ ಪ್ರತ್ಯೇಕ ಭಾಗವಾಗಿ, ಮುಂದಕ್ಕೆ ಚಾಚಿದ ಅಂಗಡಿಗಳ ಸಾಲಿನಲ್ಲಿ ಇಡಿ. ಹೊಗೆ ಕೊಳವೆ ಎಲ್ಲಕ್ಕಿಂತ ಮೇಲಿನ ತಾರಸಿಯನ್ನೂ ದಾಟಿ ಹೋಗಬೇಕು, ಅದನ್ನು ಗೋಡೆಗೆ ಹಿಡಿದಿಡುವ ಪಟ್ಟಿಗಳಿಗೆ ರಬ್ಬರ್ ಇರಬೇಕು, ಫ್ಯಾನು ಅಂಗಳದ ಕಡೆಗೆ ಬಾಯಿ ಮಾಡಬಾರದು. ಯಂತ್ರ ಎಲ್ಲಿರಬೇಕು, ಎಷ್ಟು ಗಂಟೆಗೆ ಶುರುವಾಗಬೇಕು, ಸಾಮಾನಿನ ಗಾಡಿ ಯಾವಾಗ ಬರಬೇಕು ಎಂಬುದೆಲ್ಲ ಬಾಡಿಗೆ ಕರಾರಿನಲ್ಲಿ ಬರಹದಲ್ಲಿರಲಿ. ಬಾಯಿಮಾತು ಎರಡನೆಯ ಬಾಡಿಗೆದಾರರ ಕಾಲಕ್ಕೆ ಉಳಿಯುವುದಿಲ್ಲ.

ನನ್ನ ಇಷ್ಟದ ಉಪಾಯ ಇನ್ನೊಂದಿದೆ: ಅಂಗಡಿಗೂ ಮನೆಗೂ ನಡುವೆ, ಅಂದರೆ ಮೊದಲ ಮಹಡಿಯಲ್ಲಿ, ಸಂಜೆಗೆ ಬಾಗಿಲು ಹಾಕುವ ಕಚೇರಿ, ವಕೀಲರ ಕೊಠಡಿ, ಟೈಲರಿಂಗ್, ದಂತವೈದ್ಯರು ಇಂಥವಕ್ಕೆ ಜಾಗ ಕೊಡುವುದು. ಕೆಳಗಿನ ಸದ್ದು ಮೇಲೇರುವ ಹೊತ್ತಿಗೆ ಒಂದು ಖಾಲಿ ಮಹಡಿ ದಾಟಬೇಕಾಗುತ್ತದೆ. ಒಂದು ಮಹಡಿ ಮನೆಗಳು ಕಡಿಮೆಯಾಗುತ್ತವೆ, ಬಾಡಿಗೆ ಬರುತ್ತದೆ. ಲೆಕ್ಕದಲ್ಲಿ ದೊಡ್ಡ ನಷ್ಟವಿಲ್ಲ. ಮನೆಯವರಿಗೂ ಅಂಗಡಿಯವರಿಗೂ ಬೇರೆ ಬೇರೆ ಮೆಟ್ಟಿಲು, ಬೇರೆ ಗೇಟು ಇರಲೇಬೇಕು.

ಪಂಪು, ಲಿಫ್ಟಿನ ಮೋಟಾರು, ಜನರೇಟರ್ ಬಗ್ಗೆ ಚುಟುಕಾಗಿ: ಇವು ಯಾವ ಮಲಗುವ ಕೋಣೆಯ ಗೋಡೆಗೂ ಮೇಲ್ಚಾವಣಿಗೂ ತಾಗಬಾರದು, ಪೈಪು ಗೋಡೆ ತೂರುವಲ್ಲೆಲ್ಲ ರಬ್ಬರ್ ತೋಳು ಇರಬೇಕು. ಕವಚವಿರುವ ಜನರೇಟರ್ ಕೂಡ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ವರೆಗೆ ಸದ್ದು ಮಾಡಲು ನಿಯಮದಲ್ಲಿ ಅವಕಾಶವಿದೆ. ಅದು ರಸ್ತೆಯ ಬದಿಗಿರಲಿ, ಅಂಗಳಕ್ಕೆ ಬೇಡ. ನೆಲಮಾಳಿಗೆ ತೋಡಿ ಮಳೆಗಾಲವಿಡೀ ನೀರು ಎತ್ತುವ ಪಂಪಿನ ಸದ್ದು ಕೇಳುತ್ತಾ ಮಲಗಿದವರೂ ನಮ್ಮೂರಿನಲ್ಲಿ ಇದ್ದಾರೆ.

ಕಾನೂನಿನಿಂದ ಎಷ್ಟು ಆಸರೆ ಸಿಗುತ್ತದೆ ಎಂಬುದನ್ನೂ ಹೇಳಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಮಿಶ್ರ ಬಳಕೆಯ ಪ್ರದೇಶಕ್ಕೆ ಬೇರೆ ಮಿತಿಯಿಲ್ಲ, ಅಧಿಕಾರಿಗಳು ಅದನ್ನು ಇರುವ ವರ್ಗಗಳಲ್ಲಿ ಒಂದಕ್ಕೆ ಸೇರಿಸಬಹುದು. ನಿಮ್ಮ ರಸ್ತೆಯನ್ನು ವಾಣಿಜ್ಯ ಎಂದು ಪರಿಗಣಿಸಿದರೆ, ಮೇಲೆ ಮನೆಗಳಿವೆ ಎಂಬ ಕಾರಣಕ್ಕೆ ವಾಸದ ಪ್ರದೇಶದ ಮಿತಿ ತಾನಾಗಿ ಅನ್ವಯಿಸುವುದಿಲ್ಲ. ಮಂಟಪದವರ ಧ್ವನಿವರ್ಧಕ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಕೂಗಿದರೆ ದೂರು ಕೊಡಬಹುದು. ಆದರೆ ಸಂಜೆಯ ಬ್ಯಾಂಡಿನ ಡೋಲು, ಡಿಜೆಯ ತಗ್ಗು ದಮ್ಮು ಇವುಗಳನ್ನು ಯಾವ ಕಿಟಕಿಯೂ ಪೂರ್ತಿ ತಡೆಯುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಲಗ್ನದ ದಿನಗಳಲ್ಲಿ ಆ ಸದ್ದು ಬರುತ್ತದೆ, ಮನೆ ಕೊಳ್ಳುವವರಿಗೆ ಅದನ್ನು ಮೊದಲೇ ಹೇಳಿಬಿಡಿ. ನಿಮ್ಮ ನಿವೇಶನ 500 ಚದರ ಮೀಟರಿಗಿಂತ ಬಹಳ ದೊಡ್ಡದು. ಮನೆ ಮಾರುವುದಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಾಗುತ್ತದೆ, ಆಮೇಲೆ ನಕ್ಷೆಯನ್ನು ಮನಬಂದಂತೆ ಬದಲಿಸಲಾಗದು. ಯಾವ ಮಹಡಿ ಯಾವುದಕ್ಕೆ ಎಂಬುದು ಅದಕ್ಕೂ ಮೊದಲೇ ಗಟ್ಟಿಯಾಗಬೇಕು.

ನಿಮ್ಮ ಮುಂದೆ ಇರುವ ದಾರಿಗಳು ಹೀಗಿವೆ. ಈಗಿನ ನಕ್ಷೆಯನ್ನೇ ಇಟ್ಟುಕೊಂಡು ಒಳ್ಳೆಯ ಕಿಟಕಿ ಹಾಕಿಸಿದರೆ ಚದರಡಿ ಹೆಚ್ಚು ಸಿಗುತ್ತದೆ, ಕೆಲಸ ಬೇಗ ಶುರುವಾಗುತ್ತದೆ. ಮುಚ್ಚಿದ ಕಿಟಕಿ, ಏಸಿ, ಬೂಷ್ಟು ಇವು ಮನೆಯವರ ಪಾಲಿಗೆ ಉಳಿಯುತ್ತವೆ. ಮನೆಗಳನ್ನೇ ಕೈಬಿಟ್ಟರೆ ಸದ್ದಿನ ತಲೆನೋವಿಲ್ಲ, ಆದರೆ ಐದು ಮಹಡಿ ಅಂಗಡಿ, ಕಚೇರಿಗಳಿಗೆ ಶಿವಮೊಗ್ಗದಲ್ಲಿ ಬಾಡಿಗೆದಾರರು ಸುಲಭವಾಗಿ ಸಿಗುತ್ತಾರೆ ಎಂಬ ಧೈರ್ಯ ನನಗಿಲ್ಲ. ಮೆಟ್ಟಿಲು ಹತ್ತಿ ಹೋಗಬೇಕಾದ ಅಂಗಡಿಗಳು ನಮ್ಮೂರಿನಲ್ಲಿ ಹೇಗೆ ಖಾಲಿ ಬೀಳುತ್ತವೆ ಎಂಬುದು ನಿಮಗೂ ಗೊತ್ತು. ಮೂರನೆಯದು ನಾನು ಮೇಲೆ ಹೇಳಿದ್ದು: ಮುಂದೆ ಅಂಗಡಿ, ಮೇಲೆ ಒಂದು ಮಹಡಿ ಕಚೇರಿ, ಅದರ ಮೇಲೆ ಹಿಂದಕ್ಕೆ ಸರಿದು ಪೂರ್ವಕ್ಕೆ ತೆರೆದ ಮೂರು ಮಹಡಿ ಮನೆಗಳು. ನಾನಾಗಿದ್ದರೆ ಇದನ್ನೇ ಆರಿಸಿಕೊಳ್ಳುತ್ತೇನೆ, ಮಾರುವ ಮನೆಗಳ ಸಂಖ್ಯೆ ಇಳಿದರೂ.

ಯಾವುದನ್ನು ಆರಿಸುವ ಮೊದಲೂ ಒಂದು ವಾರ ಅಳತೆ ಮಾಡಿಸಿ. ಶಬ್ದಮಾಪಕ ಬಾಡಿಗೆಗೆ ಸಿಗದಿದ್ದರೆ ಫೋನಿನ ಆ್ಯಪ್ ಆದರೂ ಸರಿ. ಅದರ ಅಂಕಿ ನಿಖರವಲ್ಲ, ಆದರೆ ಒಂದೇ ಫೋನಿನಲ್ಲಿ ಜಾಗದಿಂದ ಜಾಗಕ್ಕೆ ಇರುವ ವ್ಯತ್ಯಾಸ ತಿಳಿಯುತ್ತದೆ. ರಸ್ತೆಯ ಅಂಚಿನಲ್ಲಿ, ನಿವೇಶನದ ನಡುವೆ, ಹಿಂಬದಿಯ ಗಡಿಯಲ್ಲಿ, ಪಕ್ಕದವರು ಒಪ್ಪಿದರೆ ಅವರ ತಾರಸಿಯ ಮೇಲೂ ಅಳೆಯಿರಿ. ಒಂದು ಲಗ್ನದ ದಿನ, ಒಂದು ಮಳೆಯ ದಿನ ಇರಲೇಬೇಕು. ಒದ್ದೆ ರಸ್ತೆಯ ಮೇಲೆ ಟೈರಿನ ಸದ್ದು ಜೋರು. ನಸುಕಿನ ನಾಲ್ಕರಿಂದ ಆರರ ನಡುವಿನ ಅಳತೆಯನ್ನು ತಪ್ಪಿಸಬೇಡಿ, ವಯಸ್ಸಾದವರ ನಿದ್ದೆ ಹೆಚ್ಚಾಗಿ ಒಡೆಯುವುದು ಆ ಹೊತ್ತಿನಲ್ಲಿ.

ತಾಯಿಯವರ ಕೋಣೆಯ ವಿಷಯ. ನಿಮ್ಮ ಮನೆಯನ್ನು ಮೇಲಿನ ಮಹಡಿಯಲ್ಲಿ ಇಟ್ಟುಕೊಳ್ಳುವ ಆಸೆಯಿದ್ದರೆ ಬಿಟ್ಟುಬಿಡಿ. ಕಚೇರಿಗಳ ಮೇಲಿನ ಮೊದಲ ವಾಸದ ಮಹಡಿಯಲ್ಲಿ, ರೆಕ್ಕೆಯ ಪೂರ್ವದ ತುದಿಯ ಮನೆಯನ್ನು ತೆಗೆದುಕೊಳ್ಳಿ. ಮಂಟಪ ಯಾವ ಬದಿಗಿದೆಯೆಂದು ನೀವು ಬರೆದಿಲ್ಲ. ಅದು ಉತ್ತರಕ್ಕಿದ್ದರೆ ದಕ್ಷಿಣದ ರೆಕ್ಕೆ, ದಕ್ಷಿಣಕ್ಕಿದ್ದರೆ ಉತ್ತರದ ರೆಕ್ಕೆ. ಕೋಣೆಯ ಒಂದು ಕಿಟಕಿ ಅಂಗಳಕ್ಕೆ ತೆರೆಯಲಿ, ಅದಕ್ಕೆ ಎರಡಡಿಯ ಸಜ್ಜಾ ಇರಲಿ, ಮಳೆಯಲ್ಲೂ ತೆರೆದಿಡಬಹುದು. ಮಂಚದ ತಲೆಯ ಕಡೆಯ ಗೋಡೆ ಬಚ್ಚಲಿನ ಪೈಪಿಗಾಗಲಿ ಲಿಫ್ಟಿನ ಗೂಡಿಗಾಗಲಿ ತಾಗದಂತೆ ನೋಡಿಕೊಳ್ಳಿ. ಗುತ್ತಿಗೆದಾರರು ಹೊಸ ನಕ್ಷೆ ತಂದುಕೊಟ್ಟಾಗ ಮೊದಲು ಅದರಲ್ಲಿ ಈ ಮಂಚವನ್ನು ಬರೆಸಿ, ಆಮೇಲೆ ಉಳಿದದ್ದನ್ನು ನೋಡಿ.